ವಜ್ರಕ್ಕೂ ಎಣ್ಣೆಗೂ ನಂಟು

ವಜ್ರವೆಂದರೆ ಇಂಗಾಲದ ಒಂದು ರೂಪ, ಎಲ್ಲಕ್ಕಿಂತ ಗಟ್ಟಿ. ಪಠ್ಯಪುಸ್ತಕದಲ್ಲಿ ಇಷ್ಟು ಓದಿರುತ್ತೇವೆ. ಅದಕ್ಕೆ ಎಣ್ಣೆಯ ಮೇಲಿರುವ ಮೋಹ ಮಾತ್ರ ಬಹಳ ಜನಕ್ಕೆ ತಿಳಿಯದು. ನೀರನ್ನು ಹತ್ತಿರ ಸೇರಿಸದ ಈ ಕಲ್ಲು ಜಿಡ್ಡನ್ನು ಬಿಗಿಯಾಗಿ ಹಿಡಿಯುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ 19ನೇ ಶತಮಾನದ ಕೊನೆಗೆ, ಜಿಡ್ಡು ಬಳಿದ ಮೇಜಿನ ಮೇಲೆ ಅದಿರಿನ ಪುಡಿಯನ್ನು ನೀರಿನೊಂದಿಗೆ ಹರಿಸತೊಡಗಿದರು. ಉಳಿದ ಕಲ್ಲೆಲ್ಲ ಕೊಚ್ಚಿಹೋಗುತ್ತಿತ್ತು, ವಜ್ರ ಮಾತ್ರ ಅಂಟಿ ನಿಲ್ಲುತ್ತಿತ್ತು.

ಹೀಗಿರುವಾಗ ನಮ್ಮ ಹೆಂಗಸರ ಓಲೆಯ ಗತಿ ಏನು? ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮು, ಮೇಲೆ ಒಗ್ಗರಣೆಯ ಹೊಗೆ. ಕೆಲವೇ ತಿಂಗಳಲ್ಲಿ ಹಿಂಬದಿ ಕಪ್ಪಗಾಗುತ್ತದೆ.

ಹಿಂದೆ ಕೊಳೆಯಾದರೆ ಮುಂದಿನ ಹೊಳಪೇಕೆ ಹೋಗಬೇಕು? ಇದು ಮಕ್ಕಳಿಗೆ ಒಳ್ಳೆಯ ಪ್ರಶ್ನೆ. ವಜ್ರದ ವಕ್ರೀಭವನ ಸೂಚ್ಯಂಕ 2.42. ಹಿಂಬದಿಯಲ್ಲಿ ಬರೀ ಗಾಳಿ ಇದ್ದರೆ ಅದರ ಕ್ರಾಂತಿಕೋನ ಸುಮಾರು 24 ಡಿಗ್ರಿ. ಅದಕ್ಕಿಂತ ಹೆಚ್ಚಿನ ಕೋನದಲ್ಲಿ ಒಳಗಿನಿಂದ ಬಡಿದ ಬೆಳಕು ಹೊರಹೋಗದೆ ಪೂರ್ತಿ ಹಿಂದಿರುಗುತ್ತದೆ. ಎಣ್ಣೆಯ ಪದರ ಕುಳಿತರೆ ಈ ಕೋನ ಸುಮಾರು 37ಕ್ಕೆ ಏರುತ್ತದೆ. ಹಿಂದಿರುಗಬೇಕಾದ ಬೆಳಕಿನಲ್ಲಿ ಒಂದು ಪಾಲು ಜಿಡ್ಡಿನೊಳಗೆ ಸೋರಿಹೋಗುತ್ತದೆ. ಕಲ್ಲು ಸತ್ತಂತೆ ಕಾಣುತ್ತದೆ.

ನಮ್ಮ ಬೀದಿಯ ಒಂದು ಮನೆಯಲ್ಲಿ ಇದೇ ಕಾರಣಕ್ಕೆ ದೊಡ್ಡ ರಂಪವಾಯಿತು. ಅಜ್ಜಿಯ ಏಳು ಕಲ್ಲಿನ ಓಲೆಯ ತಿರುಪು ಸರಿಮಾಡಲು ಆಚಾರ್ರಿಗೆ ಕೊಟ್ಟಿದ್ದರು. ಕೆಲವು ತಿಂಗಳ ಮೇಲೆ ಮೊಮ್ಮಗಳ ನಿಶ್ಚಿತಾರ್ಥಕ್ಕೆ ತೆಗೆದರೆ ಹೊಳಪೇ ಇಲ್ಲ. ‘ಕಲ್ಲು ಬದಲಾಯಿಸಿದ್ದಾರೆ’ ಎಂದರು ಯಾರೋ. ಮೂರು ತಲೆಮಾರಿಗೆ ಒಡವೆ ಮಾಡಿಕೊಟ್ಟವರ ಮೇಲೆ ಬಂದ ಮಾತು ಇದು! ‘ಮೇಷ್ಟ್ರೇ, ನೀವೊಮ್ಮೆ ನೋಡಿ’ ಎಂದು ನನ್ನನ್ನು ಕರೆದರು.

ತೊಳೆದಾಗ ಹೊಳಪು ಬಂತು. ಆದರೆ ಗಾಜನ್ನು ತೊಳೆದರೂ ಹೊಳೆಯುತ್ತದೆಯಲ್ಲ, ಅದು ಸಾಕ್ಷಿಯಾಗದು. ಎಡ ಓಲೆಯ ಕೆಳಗಲ್ಲಿನಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಕಪ್ಪು ಚುಕ್ಕೆಯಿತ್ತೆಂದು ಅಜ್ಜಿ ನೆನಪಿಸಿಕೊಂಡರು. ಮಸೂರ ಹಿಡಿದು ನೋಡಿದೆ. ಚುಕ್ಕೆ ಅಲ್ಲೇ ಇತ್ತು. ಅಷ್ಟರಲ್ಲಿ ಮಾತು ಆಚಾರ್ರ ಕಿವಿ ಮುಟ್ಟಿತ್ತು. ಮನೆಯ ಯಜಮಾನರು ಅಂಗಡಿಗೆ ಹೋಗಿ ಕೈಮುಗಿದು ಬಂದರು. ಅವರು ಏನೂ ಅನ್ನಲಿಲ್ಲವಂತೆ, ತಿರುಪು ಬಿಗಿಯಾಗಿದೆಯೇ ಎಂದಷ್ಟೇ ಕೇಳಿದರಂತೆ.

ತೊಳೆಯುವ ಮುನ್ನ ಓಲೆಯ ಬೆನ್ನು ನೋಡಿ. ಹಿಂಬದಿ ಮುಚ್ಚಿದ ಹಳೆಯ ಒಡವೆಯಲ್ಲಿ ಕಲ್ಲಿನ ಕೆಳಗೆ ಹೊಳಪಿಗಾಗಿ ತೆಳು ತಗಡು ಇಟ್ಟಿರಬಹುದು. ಒಳಗೆ ನೀರು ಇಳಿದರೆ ಅದು ಕಂದಿ ಕಲ್ಲೇ ಮಂಕಾಗುತ್ತದೆ. ಅದನ್ನು ಆಚಾರ್ರಿಗೇ ಬಿಡಿ. ಮುತ್ತು, ಹವಳ, ಪಚ್ಚೆ ಸೇರಿದ ಒಡವೆಯನ್ನೂ ನೆನೆಸಬೇಡಿ. ಕಲ್ಲು ಅಲುಗಾಡುತ್ತಿದ್ದರೆ ಮೊದಲು ಅದನ್ನು ಬಿಗಿ ಮಾಡಿಸಿ.

ಬೆನ್ನು ತೆರೆದ ಓಲೆಗೆ ಒಂದು ಬಟ್ಟಲು ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಸಾಕು. ಅರ್ಧ ಗಂಟೆ ನೆನೆಸಿ, ಮಕ್ಕಳ ಮೃದು ಬ್ರಷ್ಷಿನಿಂದ ಹಿಂಬದಿಯನ್ನು ಮೆಲ್ಲಗೆ ಉಜ್ಜಿ. ಇನ್ನೊಂದು ಬಟ್ಟಲಲ್ಲಿ ಜಾಲಿಸಿ, ಹತ್ತಿಬಟ್ಟೆಯ ಮೇಲೆ ಆರಿಸಿ. ನಲ್ಲಿಯ ಕೆಳಗೆ ಮಾತ್ರ ಹಿಡಿಯಬೇಡಿ, ಜಾರಿದರೆ ಮೋರಿಯ ಪಾಲು. ನಮ್ಮ ಅಜ್ಜಿಯಂದಿರು ಅಂಟುವಾಳದ ನೊರೆಯಲ್ಲಿ ತೊಳೆಯುತ್ತಿದ್ದುದೂ ಸರಿಯೇ, ಅದೂ ಜಿಡ್ಡು ಬಿಡಿಸುತ್ತದೆ.

ಟೂತ್‌ಪೇಸ್ಟು, ಹಲ್ಲುಪುಡಿ, ಬೂದಿ ಬೇಡವೇ ಬೇಡ. ವಜ್ರಕ್ಕೆ ಏನೂ ಆಗದು, ಮೆತ್ತನೆಯ ಚಿನ್ನಕ್ಕೆ ಗೀರು ಬೀಳುತ್ತದೆ. ಬಟ್ಟೆಯ ಬ್ಲೀಚಿನಲ್ಲಿರುವ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ಲೋಹವನ್ನು ತಿನ್ನುತ್ತದೆ, ಕಲ್ಲು ಹಿಡಿದ ಕೊಕ್ಕೆ ಸಡಿಲವಾದೀತು.

ಮತ್ತೆ ಪೆಟ್ಟಿಗೆಗೆ ಹಾಕುವಾಗ ಒಂದೊಂದು ಓಲೆಯನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ. ವಜ್ರಕ್ಕೆ ಗೀರು ಹಾಕಬಲ್ಲದ್ದು ಪಕ್ಕದ ವಜ್ರವೇ.