ನಿಲ್ಲಬಾರದ ನೀರು

ನಿಂತ ನೀರು ಕೊಳೆಯುತ್ತದೆ ಎಂಬುದನ್ನು ಅರಿಯದವರಿಲ್ಲ. ದಿನವೂ ಸೇದುವ ಬಾವಿಯ ನೀರು ತಿಳಿಯಾಗಿರುತ್ತದೆ. ಸೇದದೆ ಬಿಟ್ಟ ಬಾವಿಯಲ್ಲಿ ಪಾಚಿ ಕಟ್ಟುತ್ತದೆ. ಬಾವಿಯ ಮಾತೇ ಹೀಗಿರುವಾಗ, ಒಂದು ಗಳಿಗೆಯೂ ಸುಮ್ಮನೆ ನಿಂತರಿಯದ ಕಡಲಿನ ನೀರನ್ನು ತಂದು ಗಾಜಿನ ತೊಟ್ಟಿಯಲ್ಲಿ ಕೂಡಿಹಾಕಿದರೆ ಏನಾದೀತು? ಅದರೊಳಗಿನ ಜೀವಿಗಳ ಗತಿಯೇನು? ಈ ಪ್ರಶ್ನೆಗೆ ಬಹು ಹಿಂದೆಯೇ ಒಂದು ಉತ್ತರ ದೊರೆಯಿತು. ಅದು ದೊರೆತದ್ದು ಪ್ರಯೋಗಶಾಲೆಯಲ್ಲಲ್ಲ. ಒಂದು ಮನೆಯ ಕಿಟಕಿಯ ಬಳಿ, ಒಬ್ಬ ಹುಡುಗಿಯ ಎರಡು ಕೈಗಳಲ್ಲಿ.

1846ರಲ್ಲಿ ಇಂಗ್ಲೆಂಡಿನ ಅನ್ನಾ ಥಿನ್ ಎಂಬ ಮಹಿಳೆ ಟಾರ್ಕೀ ಎಂಬ ಕಡಲತೀರದ ಊರಿಗೆ ಹೋಗಿದ್ದರು. ಅಲ್ಲಿ ಹೂವಿನ ಎಸಳುಗಳಂತೆ ಅರಳುವ ಕಲ್ಲುಹವಳದ ಜೀವಿಗಳನ್ನು ಕಂಡು ಬೆರಗಾದರು. ಕೆಲವನ್ನು ಕಡಲನೀರು ತುಂಬಿದ ಜಾಡಿಯಲ್ಲಿರಿಸಿ ಲಂಡನ್ನಿನ ತಮ್ಮ ಮನೆಗೆ ತಂದರು. ಮೊದಮೊದಲು ದಿನ ಬಿಟ್ಟು ದಿನ ನೀರನ್ನು ಬದಲಾಯಿಸಿದರು. ಆದರೆ ಲಂಡನ್ನಿಗೆ ಕಡಲು ದೂರ. ತರಿಸಿದ್ದ ನೀರು ಸಾಲದಾಯಿತು. ಆಗ ಅವರಿಗೊಂದು ಉಪಾಯ ಹೊಳೆಯಿತು. ಬಳಸಿದ ನೀರನ್ನೇ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಎತ್ತಿ ಹೊಯ್ಯಿಸತೊಡಗಿದರು. ತಾಯಿ ಮಗುವಿಗಾಗಿ ಬಿಸಿ ಹಾಲನ್ನು ಲೋಟದಿಂದ ಲೋಟಕ್ಕೆ ಹೊಯ್ದು ಆರಿಸುವುದಿಲ್ಲವೆ? ಹಾಗೆಯೇ. ಪ್ರತಿ ಸಲವೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ ಈ ಕೆಲಸ ನಡೆಯಬೇಕಾಗಿತ್ತು.

ಆದರೆ ನೀರು ಹೊಯ್ದ ಕೈಗಳು ಅನ್ನಾ ಥಿನ್ ಅವರವಲ್ಲ. ಆ ಕೆಲಸ ಮಾಡಿದವಳು ಮನೆಗೆಲಸದ ಒಬ್ಬ ಹುಡುಗಿ. 1859ರಲ್ಲಿ ಪ್ರಕಟವಾದ ತಮ್ಮ ಬರಹದಲ್ಲಿ ಇದು ಆಯಾಸದ ಕೆಲಸವೆಂದು ಆ ಮಹಿಳೆ ಒಪ್ಪಿಕೊಂಡಿದ್ದಾರೆ. ಹುಡುಗಿಗೆ ಮಾತ್ರ ಅದೊಂದು ವಿನೋದವಾಗಿತ್ತೆಂದೂ ಬರೆದಿದ್ದಾರೆ. ವಿನೋದವೋ ಆಯಾಸವೋ, ಅದನ್ನು ಹುಡುಗಿಯ ಬಾಯಿಂದಲೇ ಕೇಳುವ ದಾರಿ ಈಗ ಇಲ್ಲ. ಆ ಬರಹದಲ್ಲಿ ಅವಳ ಹೆಸರೂ ಇಲ್ಲ. ಮರುವರ್ಷ ನೀರಿಗೆ ಕಡಲಪಾಚಿಯನ್ನು ಹಾಕಿದ ಮೇಲೆ ಈ ಶ್ರಮ ಕಡಿಮೆಯಾಯಿತು. ಅದುವರೆಗೆ ಹವಳಗಳ ಪ್ರಾಣ ನಿಂತಿದ್ದದ್ದು ಆ ಹೆಸರಿಲ್ಲದ ಹುಡುಗಿಯ ತೋಳಿನ ಬಲದ ಮೇಲೆ.

ನೀರನ್ನು ಹೀಗೆ ಅಲುಗಿಸಿದರೆ ಜೀವ ಉಳಿಯುವುದೇಕೆ? ಗಾಳಿಯಲ್ಲಿರುವ ಆಮ್ಲಜನಕವು ನೀರಿನ ಮೇಲ್ಮೈಯ ಮೂಲಕವೇ ಒಳಗೆ ಕರಗಬೇಕು. ನೀರು ನಿಂತಲ್ಲೇ ನಿಂತರೆ ಮೇಲಿನ ಪದರಕ್ಕೆ ಮಾತ್ರ ಗಾಳಿ ದೊರೆಯುತ್ತದೆ, ತಳದ ನೀರು ಉಸಿರುಗಟ್ಟುತ್ತದೆ. ಒಂದೇ ಉಷ್ಣತೆಯಲ್ಲಿ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಮೇಲಾಗಿ ಹವಳದ ಜೀವಿ ಮೀನಿನಂತೆ ಈಜಿಹೋಗಲಾರದು. ಅದು ಬಂಡೆಗೆ ಅಂಟಿ ಕುಳಿತಿರುತ್ತದೆ. ಅದರ ಆಹಾರವನ್ನು ಹರಿವೇ ತಂದುಕೊಡಬೇಕು. ಅದು ಹೊರಚೆಲ್ಲಿದ ಕಲ್ಮಶವನ್ನು ಹರಿವೇ ಹೊತ್ತೊಯ್ಯಬೇಕು.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವೊಂದು ತೆರೆಯಿತು. 1871ರಲ್ಲಿ ಅದೇ ನಗರದ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಅವರ ಯೋಜನೆಯಂತೆ ಮತ್ತೊಂದು ಮತ್ಸ್ಯಾಲಯ ಸಿದ್ಧವಾಯಿತು. ತೊಟ್ಟಿಗಳ ಕೆಳಗೆ ಕತ್ತಲೆಯಲ್ಲಿ ದೊಡ್ಡದೊಂದು ಜಲಾಶಯವಿತ್ತು. ಉಗಿಯಂತ್ರದ ಬಲದಿಂದ ಅಲ್ಲಿನ ನೀರು ಹಗಲಿರುಳೂ ಮೇಲೇರಿ, ತೊಟ್ಟಿಗಳಲ್ಲಿ ಹರಿದು, ಮತ್ತೆ ಕೆಳಗಿಳಿಯುತ್ತಿತ್ತು. ಹುಡುಗಿಯ ತೋಳಿನ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಆದರೆ ಲೋಹದ ಕೊಳವೆಗಳಿಂದ ತೊಡಕುಂಟಾಯಿತು. ಉಪ್ಪುನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕರಗಿದ ತಾಮ್ರ ಕಡಲಿನ ಮೃದುಜೀವಿಗಳಿಗೆ ವಿಷವಾಗುತ್ತದೆ. ಆದ್ದರಿಂದ ಲಾಯ್ಡ್ ಗಂಧಕ ಬೆರೆಸಿ ಗಟ್ಟಿಗೊಳಿಸಿದ ರಬ್ಬರಿನ ಕೊಳವೆಗಳನ್ನು ಬಳಸಿದರು. ಇಂತಹ ವ್ಯವಸ್ಥೆ ದೊಡ್ಡ ಸಂಸ್ಥೆಗಳಿಗೆ ಎಟಕುವಂಥದು, ಸಾಮಾನ್ಯರ ಮನೆಗಲ್ಲ.

ಸಾಮಾನ್ಯರ ಕೈಗೆ ಈ ವಿದ್ಯೆಯನ್ನು ತಂದುಕೊಟ್ಟದ್ದು ಪಿವಿಸಿ ಕೊಳವೆ. ಜರ್ಮನಿಯಲ್ಲಿ 1930ರ ದಶಕದಲ್ಲಿ ಬಳಕೆಗೆ ಬಂದ ಈ ಕೊಳವೆ ಇಂದು ಪ್ರತಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇದಕ್ಕೆ ತುಕ್ಕಿಲ್ಲ, ಉಪ್ಪಿನ ಭಯವಿಲ್ಲ. ಕಡಲ ಜೀವಿಗಳನ್ನು ಸಾಕುವ ಹವ್ಯಾಸಿಯು ಗಾಜಿನ ತೊಟ್ಟಿಯ ಕೆಳಗೆ ಇನ್ನೊಂದು ಚಿಕ್ಕ ತೊಟ್ಟಿಯನ್ನಿಟ್ಟು, ಅದರಲ್ಲಿ ಪಂಪನ್ನು ಇರಿಸುತ್ತಾನೆ. ಒಂದು ಕೊಳವೆಯಲ್ಲಿ ನೀರು ಮೇಲೇರುತ್ತದೆ, ಇನ್ನೊಂದರಲ್ಲಿ ಕೆಳಗಿಳಿಯುತ್ತದೆ. ಲಾಯ್ಡ್ ಅವರ ಜಲಾಶಯವೇ ಚಿಕ್ಕದಾಗಿ ಮನೆಯೊಳಗೆ ಬಂದಂತಾಯಿತು.

ಕೆಲಸ ಸುಲಭವೆಂದು ತೋರಿದರೂ ಎಚ್ಚರ ಬೇಕು. ಕೊಳವೆಯನ್ನು ಅಳೆದು, ಗರಗಸದಿಂದ ನೇರವಾಗಿ ಕೊಯ್ದು, ಅಂಚನ್ನು ಉಪ್ಪುಕಾಗದದಿಂದ ಉಜ್ಜಬೇಕು. ಅಂಟು ಹಚ್ಚುವ ಮೊದಲು ಎಲ್ಬೋ, ಟೀ ಮೊದಲಾದವುಗಳನ್ನು ಬರಿದೇ ಜೋಡಿಸಿ ನೋಡಬೇಕು. ಏಕೆಂದರೆ ಈ ಅಂಟು ಎರಡೂ ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ. ಒಮ್ಮೆ ಕೂಡಿದ್ದು ಬಿಡಿಸಲು ಬಾರದು. ಅಂಟು ಚೆನ್ನಾಗಿ ಒಣಗಿದ ಮೇಲೆ ಕೊಳವೆಯನ್ನು ಸಿಹಿನೀರಿನಿಂದ ತೊಳೆಯಬೇಕು. ತಿರುವುಗಳು ಹೆಚ್ಚಿದಷ್ಟೂ ನೀರಿನ ವೇಗ ಕುಗ್ಗುತ್ತದೆ. ನೀರು ಚಿಮ್ಮಲು ಕೊರೆಯುವ ರಂಧ್ರಗಳಿಗೂ ಮಿತಿಯಿರಬೇಕು. ಬೀದಿಯ ನಲ್ಲಿಗಳನ್ನೆಲ್ಲ ಒಟ್ಟಿಗೆ ತೆರೆದರೆ ಯಾರ ಕೊಡವೂ ಬೇಗ ತುಂಬದು; ಇಲ್ಲಿಯೂ ಹಾಗೆಯೇ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ವಿದ್ಯುತ್ತು ನಿಂತಾಗ ಬರುತ್ತದೆ. ಪಂಪು ನಿಂತೊಡನೆ, ನೀರು ಮೇಲೇರಿದ ಕೊಳವೆಯಲ್ಲಿಯೇ ಹಿಂದಕ್ಕೆ ಇಳಿಯತೊಡಗುತ್ತದೆ. ಕೊಳವೆಯ ಬಾಯಿ ಮೇಲಿನ ತೊಟ್ಟಿಯಲ್ಲಿ ಆಳವಾಗಿ ಮುಳುಗಿದ್ದರೆ, ಆ ತೊಟ್ಟಿಯ ನೀರು ಬಾಯಿಯ ಮಟ್ಟದವರೆಗೂ ಬಸಿದು, ಕೆಳಗಿನ ತೊಟ್ಟಿ ತುಂಬಿ ನೆಲಕ್ಕೆ ಹರಿಯುತ್ತದೆ. ಇದನ್ನು ತಡೆಯುವ ಸಾಧನ ಒಂದು ಸಣ್ಣ ರಂಧ್ರ. ನೀರಿನ ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಕೊಳವೆಗೆ ತೂತು ಕೊರೆದಿದ್ದರೆ, ನೀರು ಅಷ್ಟು ಇಳಿದೊಡನೆ ಅದರೊಳಗೆ ಗಾಳಿ ನುಗ್ಗಿ ಹಿಂದಿನ ಹರಿವು ತುಂಡಾಗುತ್ತದೆ. ಆ ರಂಧ್ರದಲ್ಲಿ ಪಾಚಿ ಕಟ್ಟದಂತೆ ಆಗಾಗ್ಗೆ ನೋಡಿಕೊಳ್ಳಬೇಕು. ಅಷ್ಟು ನೀರನ್ನು ಹಿಡಿಸುವಂತೆ ಕೆಳಗಿನ ತೊಟ್ಟಿಯಲ್ಲಿ ಜಾಗವನ್ನೂ ಬಿಟ್ಟಿರಬೇಕು.

ನೆಲ ಒದ್ದೆಯಾಗದಂತೆ ಆ ರಂಧ್ರ ಕಾಯುತ್ತದೆ. ಆದರೆ ಜೀವಿಗಳಿಗೆ ಅದು ಉಸಿರು ಕೊಡಲಾರದು. ವಿದ್ಯುತ್ತು ಗಂಟೆಗಟ್ಟಲೆ ಬಾರದಿದ್ದರೆ, ಬೇರೆ ಏರ್ಪಾಡೂ ಇಲ್ಲದಿದ್ದರೆ, ಆಗ ಮಾಡುವುದೇನು? ಮನೆಯವರೊಬ್ಬರು ಚೊಂಬು ಹಿಡಿದು, ತೊಟ್ಟಿಯ ನೀರನ್ನು ಮೊಗೆದು ಎತ್ತರದಿಂದ ಮತ್ತೆ ತೊಟ್ಟಿಗೇ ಹೊಯ್ಯುತ್ತಿರಬೇಕು. ತೋಳು ಸೋತರೂ ನಿಲ್ಲಿಸುವಂತಿಲ್ಲ. ತಂದು ಕೂಡಿಹಾಕಿದ ಜೀವಕ್ಕೆ ಕಡಲಿನ ಹರಿವನ್ನು ಕೊಡುವ ಹೊಣೆ ತಂದವನದೇ. ನಮ್ಮ ದೇಶದಲ್ಲಿ ಹವಳದ ಜೀವಿಗಳನ್ನು ಕಡಲಿನಿಂದ ಕೀಳುವುದನ್ನು ಕಾನೂನು ನಿಷೇಧಿಸಿರುವುದೂ, ಆ ಹರಿವನ್ನು ಕಡಲಿನಂತೆ ಕೊಡಬಲ್ಲವರು ಬೇರೆ ಯಾರೂ ಇಲ್ಲವೆಂಬುದನ್ನು ನೆನಪಿಸುತ್ತದೆ.

ಕತ್ತಲೆಯಲ್ಲಿ ಚೊಂಬು ಹಿಡಿದು ನಿಂತವರಿಗೆ ಆಗ ಒಂದು ಮಾತು ಅರ್ಥವಾಗುತ್ತದೆ. ಪಂಪು ಕೊಳವೆಗಳು ಹಗಲಿರುಳು ಮಾಡುತ್ತಿರುವುದು, ಹಿಂದೊಮ್ಮೆ ಕಿಟಕಿಯ ಬಳಿ ಒಬ್ಬ ಹುಡುಗಿ ಮಾಡಿದ ಕೆಲಸವನ್ನೇ. ಅವಳ ಹೆಸರು ಉಳಿಯಲಿಲ್ಲ. ಅವಳು ಹೊಯ್ದ ನೀರು ಇಂದಿಗೂ ನಿಂತಿಲ್ಲ.