ಭಾರದ ದಾರಿ

ಮನೆಯನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾರೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಆದರೆ ಕಟ್ಟಡದ ಬಲವನ್ನು ಲೆಕ್ಕ ಹಾಕುವ ನನ್ನಂಥ ಇಂಜಿನಿಯರುಗಳು ಅದನ್ನು ಮೇಲಿನಿಂದ ಕೆಳಕ್ಕೆ ಕಟ್ಟುತ್ತೇವೆ. ಮೊದಲು ತಾರಸಿ, ಆಮೇಲೆ ತೊಲೆ, ಅನಂತರ ಕಂಬ, ಕಟ್ಟಕಡೆಗೆ ಪಾಯ. ತಾರಸಿಯ ಮೇಲಿನ ಭಾರ ಯಾವ ದಾರಿಯಿಂದ ನೆಲ ಸೇರುತ್ತದೆಂಬುದನ್ನು ಕಾಗದದ ಮೇಲೆ ಹಿಂಬಾಲಿಸುವುದೇ ನಮ್ಮ ಕಸುಬು. ಗೃಹಪ್ರವೇಶಕ್ಕೆ ಬಂದವರು ಬಾಗಿಲ ಕೆತ್ತನೆಯನ್ನು ಹೊಗಳುತ್ತಾರೆ, ನೆಲದ ನುಣುಪನ್ನು ಹೊಗಳುತ್ತಾರೆ. ಕಂಬದೊಳಗಿನ ಸರಳುಗಳನ್ನು ಹೊಗಳಿದವರನ್ನು ನಾನಿನ್ನೂ ಕಂಡಿಲ್ಲ. ಅವು ಕಣ್ಣಿಗೆ ಬಿದ್ದರೆ ಮನೆಗೆ ಕೇಡು ಬಂದಿದೆಯೆಂದೇ ಅರ್ಥ.

4 ಮೀಟರು ಅಗಲ, 5 ಮೀಟರು ಉದ್ದದ ಸಾಧಾರಣ ಕೋಣೆಯೊಂದನ್ನು ತೆಗೆದುಕೊಳ್ಳಿ. 12.5 ಸೆಂಟಿಮೀಟರು ದಪ್ಪದ ಕಾಂಕ್ರೀಟು ತಾರಸಿಯೇ 6 ಟನ್ನಿಗೂ ಮೀರಿ ತೂಗುತ್ತದೆ. ಮೇಲಿನ ನೆಲಹಾಸಿಗೆ 2 ಟನ್ನು. ಮಂಚ, ಬೀರು, ಓಡಾಡುವವರು, ಮದುವೆಗೆ ಬಂದು ಉಳಿದುಕೊಂಡ ನೆಂಟರು, ಇವರಿಗೆಲ್ಲ ಚದರ ಮೀಟರಿಗೆ 200 ಕಿಲೋಗ್ರಾಮಿನಂತೆ ಇನ್ನೂ 4 ಟನ್ನು. ಗೋಡೆಗಳ ಮಾತು ಬೇರೆ. ಇಷ್ಟನ್ನೂ ಕೂಡಿಸಿ, ಸಾಲದೆಂದು ಒಂದೂವರೆ ಪಟ್ಟು ಮಾಡುತ್ತೇವೆ. ಕಾಂಕ್ರೀಟಿನ ಶಕ್ತಿಯನ್ನು ಮಾತ್ರ ಒಂದೂವರೆಯಿಂದ ಭಾಗಿಸಿ ಕುಗ್ಗಿಸುತ್ತೇವೆ. “ಅಪನಂಬಿಕೆಯೇ ನಿಮ್ಮ ಕುಲದೈವ” ಎಂದು ನನ್ನಾಕೆ ಹಾಸ್ಯ ಮಾಡುವುದುಂಟು.

ಆ ಭಾರದ ದಾರಿಯಲ್ಲಿ ಒಂದು ಕೀಲು ಬದಲಾದರೂ ಏನಾಗುತ್ತದೆಂಬುದನ್ನು ನಮ್ಮ ಕಸುಬಿನವರು ಮರೆಯುವಂತಿಲ್ಲ. ಅಮೆರಿಕದ ಕ್ಯಾನ್ಸಸ್ ಸಿಟಿಯ ಹೋಟೆಲೊಂದರಲ್ಲಿ ಒಂದರ ಕೆಳಗೊಂದು ತೂಗುಹಾದಿಗಳಿದ್ದವು. ಎರಡನ್ನೂ ಒಂದೇ ಉದ್ದನೆಯ ಸರಳುಗಳಿಗೆ ತೂಗಬೇಕೆಂದು ಮೊದಲ ಯೋಜನೆ. ಕಟ್ಟುವ ಅನುಕೂಲಕ್ಕೆಂದು ಸರಳುಗಳನ್ನು ಎರಡು ತುಂಡು ಮಾಡಿ, ಕೆಳಗಿನ ಹಾದಿಯನ್ನು ಮೇಲಿನದಕ್ಕೇ ತೂಗಿದರು. ಇಬ್ಬರು ಒಂದೇ ಹಗ್ಗ ಹಿಡಿದು ಜೋತಾಡುವುದು ಬೇರೆ. ಒಬ್ಬನ ಕಾಲು ಹಿಡಿದು ಇನ್ನೊಬ್ಬ ಜೋತಾಡುವುದು ಬೇರೆ. ಮೇಲಿನ ಕೀಲಿನ ಹೊರೆ ಇಮ್ಮಡಿಯಾಯಿತು. 1981ರ ಜುಲೈ 17ರ ಸಂಜೆ ಹಾದಿಗಳು ಕಳಚಿಬಿದ್ದು 114 ಮಂದಿ ಸತ್ತರು.

ನಮ್ಮ ಮೈಸೂರಿನ ನಿವೃತ್ತ ಮೇಷ್ಟರೊಬ್ಬರು ಬಂದು ಕುಳಿತಾಗ ನನಗೆ ನೆನಪಾದದ್ದು ಆ ಕೀಲು. ಅವರ ಎರಡಂತಸ್ತಿನ ಮನೆಗೆ ಲೆಕ್ಕ ಹಾಕಿಕೊಟ್ಟವನು ನಾನೇ. ಈಗ ಮೂರನೆಯ ಅಂತಸ್ತು ಏರಿಸಬೇಕೆಂಬ ಆಸೆ. ಆಸೆಯೆಂದರೆ ತಪ್ಪಾದೀತು. ಅವರ ಪತ್ನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಪಿಂಚಣಿ ಸಾಲದು, ಬಾಡಿಗೆ ಬಂದರೆ ಔಷಧಕ್ಕಾಗುತ್ತಿತ್ತು.

“ಕಂಬಗಳು ಇಷ್ಟು ದಪ್ಪವಾಗಿವೆಯಲ್ಲ ಸ್ವಾಮಿ, ಇನ್ನೊಂದನ್ನು ಹೊರಲಾರವೆ?” ಎಂದರು. ಮೇಸ್ತ್ರಿ ಆಗಲೇ ಧೈರ್ಯ ಹೇಳಿದ್ದನಂತೆ.

ಹಳೆಯ ಹಾಳೆಗಳನ್ನು ತೆಗೆದೆ. ಕಂಬ ಹೊರಬಹುದಿತ್ತು, ಕಂಬದ ಅಡಿಯ ಪಾಯ ಹೊರುವಂತಿರಲಿಲ್ಲ. ಒಂದೂವರೆ ಮೀಟರು ಚೌಕದ ಪಾಯ, ಚದರ ಮೀಟರಿಗೆ 15 ಟನ್ನು ತಾಳುವ ಮಣ್ಣು: ಒಟ್ಟು 33 ಟನ್ನಿನ ಚಿಲ್ಲರೆ. ನಡುಮನೆಯ ಕಂಬದಿಂದ ಆಗಲೇ 30 ಟನ್ನು ಇಳಿಯುತ್ತಿತ್ತು. ಹೊಸ ಅಂತಸ್ತು ಇನ್ನು 13 ಟನ್ನು ತರುತ್ತಿತ್ತು.

“ಹಾಗಾದರೆ ಬೀಳುತ್ತದೆಯೆ?”

“ಬೀಳುತ್ತದೆಂದು ಹೇಳಲಾರೆ ಮೇಷ್ಟರೇ. ಬೀಳುವುದಿಲ್ಲವೆಂದು ರುಜು ಹಾಕಲಾರೆ.”

ಕಷ್ಟವಿರುವುದು ಅಲ್ಲಿಯೇ. ಮಣ್ಣಿನ ತಾಳಿಕೆಯ ಅಂಕಿಯಲ್ಲೂ ನಮ್ಮ ಅಪನಂಬಿಕೆ ಸೇರಿರುತ್ತದೆ. ಆದ್ದರಿಂದ ಮನೆ ಮರುದಿನ ಕುಸಿಯದೆ ಇರಬಹುದು. ಮೇಸ್ತ್ರಿಯ ಮಾತೇ ನಿಜವೆನ್ನಿಸಬಹುದು. ನಾಲ್ಕು ಮಳೆಗಾಲ ಕಳೆದು ಒಂದು ಕಂಬ ಬೆರಳಗಲ ಇಳಿದಾಗ ಗೋಡೆಯಲ್ಲಿ ಓರೆಯಾಗಿ ಬಿರುಕು ಹರಿಯುತ್ತದೆ. ಅಷ್ಟರಲ್ಲಿ ಮೇಲೊಂದು ಸಂಸಾರ ನೆಲೆಸಿರುತ್ತದೆ. ಪಾಯವನ್ನು ಅಗೆದು ಹಿಗ್ಗಿಸುವ ಉಪಾಯವೇನೋ ಉಂಟು. ಅದರ ಖರ್ಚು ಹೇಳಿದಾಗ ಮೇಷ್ಟರು ಕಾಫಿಯ ಲೋಟವನ್ನು ಕೆಳಗಿಟ್ಟುಬಿಟ್ಟರು.

ಎರಡು ತಿಂಗಳ ತರುವಾಯ ಅವರು ತಾವಿದ್ದ ಮಹಡಿಯನ್ನೇ ಬಾಡಿಗೆಗೆ ಕೊಟ್ಟು, ಕೆಳಗಿನ ಭಾಗದಲ್ಲಿ ಮಗನ ಸಂಸಾರದೊಡನೆ ಇಕ್ಕಟ್ಟು ಮಾಡಿಕೊಂಡರು. ನಾನು ಹೋದಾಗ ಆಳುಗಳು ಅವರ ಪುಸ್ತಕಗಳನ್ನು ಮೆಟ್ಟಲಿಳಿಸುತ್ತಿದ್ದರು. ಕಟ್ಟಿನ ಮೇಲೆ ಕಟ್ಟು, ಮುಗಿಯುವಂತೆಯೇ ಇರಲಿಲ್ಲ.

“ಇವುಗಳ ತೂಕವನ್ನೂ ಅಂದು ಲೆಕ್ಕಕ್ಕೆ ಹಿಡಿದಿದ್ದಿರಾ?” ಎಂದು ಮೇಷ್ಟರು ಕೇಳಿದರು.

ಹಿಡಿದಿದ್ದೆ.