ಬೇಸಗೆಯ ಕಂಬಳಿ

ನಾನು ಕಮತಗಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಎಳವೆಯಲ್ಲಿ ನನಗೆ ಎರಡು ಜೋಗುಳಗಳಿದ್ದವು. ಒಂದು ತಾಯಿಯದು, ಇನ್ನೊಂದು ಪಡಸಾಲೆಯ ಕುಣಿಮಗ್ಗದ್ದು. ಲಾಳಿಯ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತಂತೆ. ತಂದೆಯವರು ಇಳಕಲ್ ಸೀರೆ ನೇಯುತ್ತಿದ್ದರು. ಹಾಸು ಯಾವುದು, ಹೊಕ್ಕು ಯಾವುದು, ಹತ್ತಿ ಯಾವುದು, ರೇಷ್ಮೆ ಯಾವುದು ಎಂಬುದನ್ನು ಅಕ್ಷರಾಭ್ಯಾಸಕ್ಕಿಂತ ಮೊದಲೇ ಕಲಿತವನು ನಾನು. ಆದುದರಿಂದ ಬಟ್ಟೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಸಣ್ಣದೊಂದು ಜಂಬ ಬಹುಕಾಲ ನನ್ನಲ್ಲಿತ್ತು. ಆ ಜಂಬವನ್ನು ಇಳಿಸಿದ್ದು ಒಂದು ಕರಿಯ ಕಂಬಳಿ. ಅದೂ ಮೇ ತಿಂಗಳಿನಲ್ಲಿ!

ನಮ್ಮ ಸೀಮೆಯ ಬೇಸಗೆ ಎಂಥದೆಂಬುದನ್ನು ಬಲ್ಲವರೇ ಬಲ್ಲರು. ಮಲಪ್ರಭೆಯ ಪಾತ್ರದಲ್ಲಿ ನೀರಿಗಿಂತ ಮರಳೇ ಹೆಚ್ಚಾಗಿ ಹೊಳೆಯುತ್ತದೆ. ಅಂಥ ಉರಿಬಿಸಿಲಿನಲ್ಲಿಯೂ ನಮ್ಮ ಹಿರಿಯರು ಧೋತರ ಉಟ್ಟು, ತೋಳು ತುಂಬ ಸಡಿಲವಾದ ಅಂಗಿ ತೊಟ್ಟು, ತಲೆಗೆ ದಪ್ಪನೆಯ ರುಮಾಲು ಸುತ್ತಿಕೊಂಡು ಹೊರಡುತ್ತಿದ್ದರು. ಬಿಸಿಲಿಗೆ ಇಷ್ಟೊಂದು ಬಟ್ಟೆಯೇ ಎಂದು ಪರಸ್ಥಳದವರು ಬೆರಗಾಗುವುದುಂಟು. ಆದರೆ ಅದರಲ್ಲಿ ಅರ್ಥವಿದೆ. ಹತ್ತಿಯ ಬಟ್ಟೆ ಬೆವರನ್ನು ಹೀರುತ್ತದೆ, ಆ ಬೆವರು ಆರುವಾಗ ಮೈಯ ಶಾಖವನ್ನು ಜೊತೆಗೆ ಒಯ್ಯುತ್ತದೆ, ಮೈ ತಂಪಾಗುತ್ತದೆ. ರುಮಾಲು ತಲೆಗೆ ನೆರಳಾಗುತ್ತದೆ. ಹತ್ತಿಯು ಬಿಸಿಲನಾಡಿನವರ ಬಂಧು. ಈ ಬಂಧುವೇ ಒಮ್ಮೊಮ್ಮೆ ವೈರಿಯೂ ಆಗಬಹುದೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

1989ರ ಮಾತು. ಬಾಗಲಕೋಟೆ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ನಾವು ಬಿಜಾಪುರ ಜಿಲ್ಲೆಯವರು. ಹೈಸ್ಕೂಲಿನಲ್ಲಿ ಹೊಸದಾಗಿ ಮಾಸ್ತರನಾಗಿದ್ದ ನಾನು ಬೇಸಗೆಯ ರಜೆಯಲ್ಲಿ ಎಂಟು ಜನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಾದಾಮಿಗೆ ಹೋದೆ. ಮೇಣಬಸದಿಗಳನ್ನು ನೋಡಿ, ಅಲ್ಲಿಂದ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದು ಮಹಾಕೂಟವನ್ನು ಸೇರಿ, ಅಲ್ಲಿಯ ಪುಷ್ಕರಿಣಿಯಲ್ಲಿ ಮೀಯಬೇಕೆಂಬುದು ನಮ್ಮ ಯೋಜನೆ. ಹುಡುಗರಲ್ಲಿ ಒಬ್ಬನ ಚೀಲದೊಳಗೆ ಅವನ ತಾಯಿ ಒಂದು ಚಾದರವನ್ನು ಮಡಚಿ ಇಟ್ಟಿದ್ದರು. ಅದನ್ನು ಕಂಡು ನಾನು ನಕ್ಕೆ. “ಈ ಬಿಸಿಲಿನಾಗ ಚಾದರ ಯಾತಕ್ಕೋ?” ಎಂದು ಹೇಳಿ, ಬಸ್ ನಿಲ್ದಾಣದ ಬಳಿಯ ಚಹದಂಗಡಿಯಲ್ಲಿ ಅದನ್ನು ಇಡಿಸಿದೆ. ಹುಡುಗ ಮರುಮಾತಾಡಲಿಲ್ಲ. ಮಾಸ್ತರರು ಹೇಳಿದ ಮೇಲೆ ಮುಗಿಯಿತಲ್ಲವೆ?

ಕೆಂಪು ಬಂಡೆಗಳ ನಡುವಿನ ಏರು ಹತ್ತುವಷ್ಟರಲ್ಲಿ ಎಲ್ಲರ ಅಂಗಿಗಳೂ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿದ್ದವು. ದಾರಿಯಲ್ಲಿ ಒಬ್ಬ ಮುದುಕ ಕುರಿಗಳನ್ನು ಮೇಯಿಸುತ್ತಿದ್ದ. ಅವನ ಹೆಗಲ ಮೇಲೆ ಒಂದು ಕರಿಯ ಕಂಬಳಿ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕನೆ ನಕ್ಕರು. ನಾನೂ ಸುಮ್ಮನಿರಲಾರದೆ ಕೇಳಿದೆ:

“ಏನಜ್ಜಾ, ಇಂಥಾ ಬ್ಯಾಸಗ್ಯಾಗ ಕಂಬಳಿ ಹೊತ್ತೀರಿ, ಚಳಿ ಆಗತೈತೇನು?”

ಮುದುಕ ಕೋಪಿಸಿಕೊಳ್ಳಲಿಲ್ಲ. “ಬಿಸಲು ಈಗ ಐತ್ರಿ ಮಾಸ್ತರ. ಸಂಜೀತನಕ ಇರತೈತಂತ ನಿಮಗ ಯಾರು ಹೇಳ್ಯಾರು?” ಎಂದ.

ಅವನ ಮಾತು ನಿಜವಾಗಲು ಸಂಜೆಯವರೆಗೆ ಕಾಯಬೇಕಾಗಲಿಲ್ಲ. ಮೂರು ಗಂಟೆಯ ಸುಮಾರಿಗೆ ಪಡುವಣ ದಿಕ್ಕು ಕಪ್ಪಿಟ್ಟಿತು. ಮೊದಲು ಧೂಳು, ಆಮೇಲೆ ಗಾಳಿ, ಅದರ ಹಿಂದೆಯೇ ಮಳೆ, ಮಳೆಯೊಡನೆ ಆಲಿಕಲ್ಲು. ಓಡಿ ಹೋಗಿ ಚಾಚಿಕೊಂಡ ಒಂದು ಬಂಡೆಯ ಕೆಳಗೆ ನಿಲ್ಲುವಷ್ಟರಲ್ಲಿ ಎಲ್ಲರೂ ನೀರಿನಲ್ಲಿ ಅದ್ದಿ ತೆಗೆದಂತಾಗಿದ್ದೆವು. ಮುಂಜಾನೆ ಬಿಸಿಲನ್ನು ಬೈದಿದ್ದ ನಾವು ಈಗ ಅದೇ ಬಿಸಿಲಿಗಾಗಿ ಬಾಯಿ ಬಿಡತೊಡಗಿದೆವು. ಗಾಳಿ ನಿಲ್ಲಲೊಲ್ಲದು. ಚಾದರವನ್ನು ಬಿಟ್ಟು ಬಂದ ಹುಡುಗ ಎಲ್ಲರಿಗಿಂತ ಸಣಕಲ. ಅವನ ಹಲ್ಲುಗಳು ಕಟಕಟನೆ ಕಡಿಯುತ್ತಿದ್ದವು. ತುಟಿ ನೀಲಿಗಟ್ಟಿತು. ಮಾತನಾಡಿಸಿದರೆ ಉತ್ತರ ತೊದಲುತ್ತಿತ್ತು. ನನ್ನ ಎದೆ ಧಸಕ್ಕೆಂದಿತು.

ಅಷ್ಟರಲ್ಲಿ ಆ ಮುದುಕನೂ ಕುರಿಗಳೊಡನೆ ಅದೇ ಬಂಡೆಯ ಮರೆಗೆ ಬಂದ. ಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದಿದ್ದ. ಹುಡುಗನನ್ನು ಒಮ್ಮೆ ನೋಡಿದವನೇ, “ಮಾಸ್ತರ, ಮೊದಲ ಆ ಹಸಿ ಅಂಗಿ ತಗೀರಿ” ಎಂದ. ನಾನು ಅನುಮಾನಿಸಿದೆ. ತೊಯ್ದದ್ದಾದರೂ ಮೈಮೇಲೆ ಒಂದು ಅಂಗಿ ಇರುವುದು ಲೇಸಲ್ಲವೆ ಎಂಬುದು ನನ್ನ ತರ್ಕ. ಮುದುಕ ನನ್ನ ತರ್ಕಕ್ಕೆ ಕಾಯಲಿಲ್ಲ. ತಾನೇ ಅಂಗಿಯನ್ನು ಬಿಚ್ಚಿ, ರುಮಾಲಿನ ಒಣಗಿದ ಒಳಮಡಿಕೆಯಿಂದ ಹುಡುಗನ ಮೈಯೊರಸಿ, ಕಂಬಳಿಯ ಒಳಮಗ್ಗುಲು ಮೈಗೆ ತಾಗುವಂತೆ ಅವನನ್ನು ಸುತ್ತಿ ಕೂರಿಸಿದ. ಅರ್ಧ ಗಂಟೆ ಕಳೆಯಿತು. ಹುಡುಗ ಕಣ್ಣರಳಿಸಿ, “ಸರ, ರೊಟ್ಟಿ ಉಳದಾವೇನ್ರಿ?” ಎಂದು ಕೇಳಿದ. ನನ್ನ ಅಧ್ಯಾಪಕ ಜೀವನದಲ್ಲಿ ಯಾವ ವಿದ್ಯಾರ್ಥಿಯ ಪ್ರಶ್ನೆಯೂ ನನಗೆ ಅಷ್ಟು ಸಂತೋಷವನ್ನು ಕೊಟ್ಟಿಲ್ಲ.

ಊರಿಗೆ ಮರಳಿದ ಮೇಲೆ ಆ ಕಂಬಳಿಯ ಗುಟ್ಟನ್ನು ತಿಳಿಯಬೇಕೆಂಬ ಹಟ ಹುಟ್ಟಿತು. ಓದಿದೆ, ಬಲ್ಲವರನ್ನು ಕೇಳಿದೆ. ಬಟ್ಟೆ ಶಾಖವನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುವುದು ನಮ್ಮ ಮೈ. ಬಟ್ಟೆಯ ಎಳೆಗಳ ನಡುವೆ ನಿಂತ ಗಾಳಿ ಆ ಶಾಖವನ್ನು ಹಿಡಿದಿಡುತ್ತದೆ. ಉಣ್ಣೆಯ ಎಳೆ ಗುಂಗುರಾದುದರಿಂದ ಅದರಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ. ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿದರೂ ಅದು ಮೈಗೆ ತಣ್ಣಗೆ ತಾಗುವುದಿಲ್ಲ. ಮೇಲಾಗಿ ನಮ್ಮ ಕಡೆಯ ಕಂಬಳಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚುತ್ತಾರೆ. ಮಳೆಯ ಹನಿ ಬೇಗನೆ ಒಳಗಿಳಿಯುವುದಿಲ್ಲ. ಹತ್ತಿಯ ರೀತಿ ಬೇರೆ. ತೊಯ್ದ ಹತ್ತಿಯಲ್ಲಿ ಗಾಳಿಯಿದ್ದ ಜಾಗವನ್ನೆಲ್ಲ ನೀರು ತುಂಬುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸೆಳೆದುಕೊಳ್ಳುತ್ತದೆ. ಮೈಯೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪ್ರಾಣಕ್ಕೇ ಅಪಾಯ. ನಾಲಗೆ ತೊದಲುವುದೂ ಬುದ್ಧಿ ಮಂಕಾಗುವುದೂ ಅದರ ಸೂಚನೆಗಳು. ನೇಕಾರನ ಮಗನಾದ ನಾನು ಅದುವರೆಗೆ ನೂಲನ್ನು ಮಾತ್ರ ನೋಡಿದ್ದೆ. ನೂಲುಗಳ ನಡುವಿನ ತೆರಪನ್ನು ನೋಡಿರಲಿಲ್ಲ.

ವರುಷಗಳು ಉರುಳಿದವು. ಆ ಹುಡುಗ ಓದಿ ಇಂಜಿನಿಯರನಾಗಿ ಬೆಂಗಳೂರು ಸೇರಿದ. 2012ರ ಮೇ ತಿಂಗಳಿನಲ್ಲಿ ಅವನು ಹಿಮಾಚಲ ಪ್ರದೇಶದ ಸಾರ್ ಪಾಸ್ ಎಂಬ ಕಣಿವೆಯ ಚಾರಣಕ್ಕೆ ಹೊರಟಾಗ ನನ್ನನ್ನೂ ಬಿಡದೆ ಎಳೆದುಕೊಂಡು ಹೋದ. ಹೊರಡುವ ಮುನ್ನಾದಿನ ನನ್ನ ಚೀಲವನ್ನು ಬಿಚ್ಚಿ ನೋಡಿ, ನಾನು ಪ್ರೀತಿಯಿಂದ ಇಟ್ಟುಕೊಂಡಿದ್ದ ನಾಲ್ಕು ಹತ್ತಿಯ ಬನಿಯನ್‌ಗಳನ್ನು ಹೊರಗೆ ತೆಗೆದ. “ಸರ್, ಇವನ್ನು ಇಲ್ಲೇ ಇಟ್ಟು ಹೋಗೋಣ” ಎಂದು ನಕ್ಕ. ಚಹದಂಗಡಿಯ ಚಾದರ ನನಗೆ ನೆನಪಾಯಿತು. ಅವನಿಗೂ ನೆನಪಾಗಿರಬೇಕು, ಬಾಯಿ ಬಿಟ್ಟು ಹೇಳಲಿಲ್ಲ.

ಅವನು ನನಗೆ ಮೂರು ಪದರದ ಉಡುಪನ್ನು ಕಲಿಸಿದ. ಮೈಗೆ ತಾಗುವ ಒಳಪದರ ಬೆವರನ್ನು ಹಿಡಿದಿಡದೆ ಹೊರಗೆ ಸಾಗಿಸಬೇಕು. ಅದಕ್ಕೆ ತೆಳುವಾದ ಉಣ್ಣೆಯೋ ಪಾಲಿಯೆಸ್ಟರೋ ಆಗಬೇಕು. ನಡುಪದರ ಗಾಳಿಯನ್ನು ಹಿಡಿದು ಬೆಚ್ಚಗಿಡಬೇಕು. ಉಣ್ಣೆಯ ಸ್ವೆಟರು ಈ ಕೆಲಸಕ್ಕೆ ತಕ್ಕುದು. ಹೊರಪದರ ಬೀಸುಗಾಳಿಯನ್ನೂ ಮಳೆಯನ್ನೂ ತಡೆಯಬೇಕು. ಇಷ್ಟನ್ನೂ ಒಮ್ಮೆಗೇ ತೊಟ್ಟುಕೊಂಡರೆ ಕೆಟ್ಟೆವು! ಏರುವಾಗ ಮೈ ಬಿಸಿಯಾಗುತ್ತದೆ. ಬೆವರುವ ಮೊದಲೇ ಒಂದು ಪದರವನ್ನು ಕಳಚಬೇಕು. ನಿಂತಾಗ ಮೈ ಬೇಗನೆ ತಣಿಯುತ್ತದೆ. ನಡುಕ ಬರುವ ಮೊದಲೇ ತೊಡಬೇಕು. ಒಣಗಿದ ಒಂದು ಜೊತೆ ಬಟ್ಟೆಯನ್ನು ರಾತ್ರಿಗೆಂದು ಬೇರೆಯಾಗಿ ಕಾದಿಡಬೇಕು.

ನಾವು ಹೊರಟ ಕಸೋಲ್ ಗ್ರಾಮ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಸಾರ್ ಪಾಸ್ ಸುಮಾರು 4,200 ಮೀಟರ್. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಕೆಳಗೆ ಬೇಸಗೆ, ಮೇಲೆ ಹಿಮ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯ ಅರ್ಥ ನನಗೆ ಚೆನ್ನಾಗಿ ತಿಳಿದುದು ಅಲ್ಲಿಯೇ. ದಿನಕ್ಕೆ ಹತ್ತು ಸಲ ತೊಟ್ಟು ಕಳಚುತ್ತ ನಡೆದೆ. ಬೇಸರವಾದರೂ ಒಮ್ಮೆಯೂ ನಡುಗಲಿಲ್ಲ.

ಈ ಪದರಗಳ ಉಪಾಯ ಇಂದಿನದಲ್ಲ. 1924ರಲ್ಲಿ ಎವರೆಸ್ಟ್ ಶಿಖರವನ್ನು ಏರಲು ಹೋಗಿ ಮರಳದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ದೊರೆಯಿತು. ಅವನು ರೇಷ್ಮೆ, ಹತ್ತಿ ಮತ್ತು ಉಣ್ಣೆಯ ತೆಳುವಾದ ಬಟ್ಟೆಗಳನ್ನು ಒಂದರ ಮೇಲೊಂದು ತೊಟ್ಟಿದ್ದ. ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಒತ್ತುನೇಯ್ಗೆಯ ಅಂಗಿ. ಎಲ್ಲವೂ ಮಗ್ಗವನ್ನು ಬಲ್ಲವರ ಕೈಚಳಕವೇ.

ಹಾಗೆಂದು ಉಡುಪೊಂದಿದ್ದರೆ ಬೆಟ್ಟವನ್ನು ಗೆದ್ದೆವೆಂದು ತಿಳಿಯಬಾರದು. 2024ರ ಜೂನ್ ಮೊದಲ ವಾರದಲ್ಲಿ ಬಂದ ಸುದ್ದಿಯನ್ನು ನಾನು ಮರೆತಿಲ್ಲ. ಉತ್ತರಾಖಂಡದ ಸಹಸ್ರತಾಲ್ ಸರೋವರದ ಕಡೆಗೆ, ಸುಮಾರು 4,400 ಮೀಟರ್ ಎತ್ತರಕ್ಕೆ, ಚಾರಣ ಹೋಗಿದ್ದ 22 ಜನರ ತಂಡವೊಂದು ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರು. 13 ಮಂದಿಯನ್ನು ಉಳಿಸಿ ಕರೆತಂದರು. 9 ಮಂದಿ ಬರಲಿಲ್ಲ. ಅವರಲ್ಲಿ ಬೆಟ್ಟಗಳನ್ನು ಬಲ್ಲ ಅನುಭವಿಗಳೂ ಇದ್ದರು. ಮನೆಯಲ್ಲಿ ಕುಳಿತು ಅವರ ತಪ್ಪು ಒಪ್ಪುಗಳನ್ನು ಎಣಿಸುವುದು ನಮಗೆ ತರವಲ್ಲ. ಬಂಡೆಯ ಕೆಳಗೆ ನೀಲಿಗಟ್ಟಿದ ಆ ಪುಟ್ಟ ತುಟಿಗಳು ಆ ದಿನ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬಂದವು. ಅಂದು ನಮ್ಮ ಪುಣ್ಯಕ್ಕೆ ಮುದುಕನೊಬ್ಬ ಬಂದ; ಬಾರದಿದ್ದರೆ?

ಈಗ ನಮ್ಮ ಮನೆಯ ಗೂಟದಲ್ಲಿ ಒಂದು ಕರಿಯ ಕಂಬಳಿ ತೂಗುತ್ತದೆ. ಬೇಸಗೆಯಲ್ಲಿ ಮೊಮ್ಮಕ್ಕಳು ಬಾದಾಮಿಯ ಗುಡ್ಡಕ್ಕೆ ಹೊರಟಾಗ ನಾನು ಅದನ್ನು ಹೆಗಲಿಗೆ ಹಾಕಿಕೊಳ್ಳುತ್ತೇನೆ. “ಅಜ್ಜಾ, ಇಷ್ಟು ಬಿಸಲಾಗ ಕಂಬಳಿ ಯಾಕ?” ಎಂದು ಅವರು ನಗುತ್ತಾರೆ. ನಾನು ಕೋಪಿಸಿಕೊಳ್ಳುವುದಿಲ್ಲ. ಬಿಸಿಲು ಸಂಜೆಯವರೆಗೆ ಇರುವುದೆಂದು ನಿಮಗೆ ಯಾರು ಹೇಳಿದರೆಂದು ಕೇಳುತ್ತೇನೆ. ಅವರ ಚೀಲಗಳಲ್ಲಿ ಚಾದರವಿದೆಯೇ ಎಂದು ಒಮ್ಮೆ ಮುಟ್ಟಿ ನೋಡಿ, ಮುಂದೆ ನಡೆಯುತ್ತೇನೆ.